ಚುಕ್ಕಮ್ಮ ಮೇಡಂಗೆ ಬಂದ ಫೋನು

"ನಿಮ್ಮ ಮನೆಯಾಗೆ ಡಿಗ್ರಿನಾ? ಅದು ಆಗದ ಮಾತು ಬಿಡಮ್ಮ" ಎಂದವನು ಚಳ್ಳಕೆರೆಯ ಒಂದು ಆನ್‌ಲೈನ್ ಸೆಂಟರಿನ ಮಾಲೀಕ. ಅವನು ಹಾಗೆ ಅಂದಾಗ ನಾನು ನೋಡಿದ್ದು ನನ್ನ ಅತ್ತೆಯ ಬಲಗಾಲಿನ ಹೆಬ್ಬೆರಳನ್ನು. ಹೊರಕ್ಕೆ ಬಾಗಿ, ಚಪ್ಪಟೆಯಾಗಿ, ಉಗುರು ಅರ್ಧ ಸವೆದುಹೋಗಿದ್ದ ಆ ಬೆರಳು ಅಂಗಡಿಯ ಟೈಲ್ಸ್ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಹರೆಯದಿಂದ, ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಗುಂಡಿಮಗ್ಗದ ಹಲಗೆ ತುಳಿದ ಕಾಲು ಅದು. ಸಿಟ್ಟು ಬಂದರೆ ಅತ್ತೆಯ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕಾಲು ಮಾತ್ರ ಅಲ್ಲಿಲ್ಲದ ಮಗ್ಗವನ್ನು ತುಳಿಯುತ್ತಿತ್ತು.

ಅವಳು ನನ್ನ ಅಪ್ಪನ ಅಕ್ಕ. ಮೊಳಕಾಲ್ಮೂರಿನಲ್ಲಿ ನಮ್ಮದು ಒಂದು ಮನೆ, ಎರಡು ಮಗ್ಗ. ಒಂದು ಅಪ್ಪನದು, ಇನ್ನೊಂದು ಅತ್ತೆಯದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಬರಿಗೈಯಲ್ಲಿ ಬರಲಿಲ್ಲ. ತನ್ನ ಮಗ್ಗವನ್ನು ಬಿಚ್ಚಿಸಿ, ಟ್ರ್ಯಾಕ್ಟರಿನಲ್ಲಿ ಹೇರಿಸಿ, ಅದರ ಮೇಲೆ ತಾನೂ ಕೂತು ಬಂದಳಂತೆ. ನಮ್ಮ ಬೀದಿಯ ಎಲ್ಲರಂತೆ ನಮಗೂ ಮನೆಯೊಳಗೆ ತೆಲುಗು, ಹೊಸ್ತಿಲಾಚೆ ಕನ್ನಡ. ಅತ್ತೆ ಮಾತ್ರ ಎರಡನ್ನೂ ಬೇರೆ ರೀತಿ ಹಂಚಿಕೊಂಡಿದ್ದಳು. ಅಕ್ಕರೆ, ವ್ಯವಹಾರ, ತಮಾಷೆ ಎಲ್ಲ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ನನ್ನನ್ನು ಕರೆಯುವ 'ಅಮ್ಮಾಯಿ', ಅಂದರೆ ಹುಡುಗಿ, ಎಂಬ ಮಾತೊಂದು ಮಾತ್ರ ತೆಲುಗಿನಲ್ಲಿದ್ದೂ ಬೈಗುಳವಾಗಿರಲಿಲ್ಲ.

ಅವಳು ಸುಮ್ಮನೆ ಕೂತು ನೇಯ್ದದ್ದನ್ನು ನಾನು ನೋಡಿಯೇ ಇಲ್ಲ. ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದಲೇ ಕೂಗಿ ಮಾತಿಗೆಳೆಯುತ್ತಿದ್ದಳು. ಯಾರೂ ಸಿಗದಿದ್ದರೆ ಅಂಗಳದಲ್ಲಿ ಕಟ್ಟಿದ್ದ ಮೇಕೆಗಳ ಜೊತೆ ಮಾತು. "ಕೈಗೆ ಕೆಲಸ ಐತೆ, ಕಾಲಿಗೆ ಕೆಲಸ ಐತೆ, ಬಾಯಿ ಒಂದೇ ಖಾಲಿ ಕೂತೈತೆ. ಅದಕ್ಕೂ ಏನಾರ ಕೊಡ್ಬೇಕಲ್ಲ" ಎನ್ನುವಳು.

ನಮ್ಮ ಬೀದಿಯಲ್ಲಿ ಪಿಯುಸಿ ದಾಟಿದ ಹೆಣ್ಣುಮಗಳು ಇರಲಿಲ್ಲ. ನಾನು ಬಿ.ಎಸ್ಸಿ. ಓದುತ್ತೇನೆ ಎಂದಾಗ ಅಪ್ಪ ಅತ್ತೆಯ ಮಗ್ಗದ ಕಡೆ ನೋಡಿದ. ರೇಷ್ಮೆ ಸೀರೆಯ ಅಂಚು ಒಡಲಿಗೆ ಕೂಡುವಂತೆ ನೇಯಲು ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು ಕೂತು ಲಾಳಿ ಎಸೆದುಕೊಡಬೇಕು. ಅತ್ತೆಯ ಪಕ್ಕದ ಆ ಜಾಗ ನನ್ನದು. ನಾನು ಎದ್ದರೆ ಸೀರೆ ನಿಧಾನವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅತ್ತೆ ಮಗ್ಗದ ಗುಂಡಿಯಿಂದಲೇ ಅಪ್ಪನಿಗೆ ಹೇಳಿದಳು, "ಅವಳು ಹೋಗ್ಲಿ ಬಿಡು ತಮ್ಮ. ಈ ಜಾಗ ಎಲ್ಲೂ ಓಡಿ ಹೋಗಲ್ಲ. ಕಾಲೇಜು ಕಾಯಲ್ಲ." ಮರುದಿನದಿಂದ ಆ ಜಾಗದಲ್ಲಿ ಅವ್ವ ಕೂತಳು.

ನನಗೆ ಬೇಕಿದ್ದ ವಿಷಯಗಳು ಚಳ್ಳಕೆರೆಯ ಕಾಲೇಜಿನಲ್ಲಿದ್ದವು. ದಿನಾ ಬಸ್ಸು. ಅರ್ಜಿ ತುಂಬಲು ಹೋದದ್ದು ನಾನು ಹೇಳಿದ ಆ ಆನ್‌ಲೈನ್ ಸೆಂಟರಿಗೆ. ಜೆರಾಕ್ಸು, ಅರ್ಜಿ, ಆಧಾರ್ ತಿದ್ದುಪಡಿ, ಎಲ್ಲಕ್ಕೂ ಸುತ್ತಿನ ಊರುಗಳವರು ಬರುತ್ತಿದ್ದದ್ದು ಅಲ್ಲಿಗೇ. ಮಾಲೀಕ ವ್ಯಾಪಾರದ ಮನೆತನದವನು, ಬಿಳಿ ಅಂಗಿ, ಹಣೆಗೆ ವಿಭೂತಿ, ನಯವಾದ ಮಾತು. ಅವನ ಬಳಿ ಯಾವ ಕೆಲಸಕ್ಕೆ ಹೋದರೂ, ಒಂದು ಜೆರಾಕ್ಸಿಗೆ ಹೋದರೂ, ಮೊದಲು ಕೇಳುವುದು "ಕಸ್ಟಮರ್ ಹೆಸರು, ಮೊಬೈಲ್ ನಂಬರ್?" ನಮ್ಮ ಮನೆಯಲ್ಲಿ ಇದ್ದದ್ದು ಅತ್ತೆಯ ಕೀಪ್ಯಾಡ್ ಫೋನು ಒಂದೇ. ಅದರ ನಂಬರು ಕೊಟ್ಟೆವು.

ಅಲ್ಲಿಂದ ಶುರುವಾಯಿತು. ನಿಮಗೆ ಸಾಲ ಮಂಜೂರಾಗಿದೆ. ಹೈವೇ ಪಕ್ಕ ಸೈಟು, ಇಂದೇ ಬುಕ್ ಮಾಡಿ. ಕೂದಲು ಉದುರುತ್ತಿದೆಯೇ. ಗಂಡ ಮಾತು ಕೇಳುತ್ತಿಲ್ಲವೇ, ವಶೀಕರಣಕ್ಕೆ ಕರೆ ಮಾಡಿ. ಗಂಡ ಸತ್ತು ಎಷ್ಟೋ ವರ್ಷವಾಗಿದ್ದ ಅತ್ತೆಗೆ ಆ ಮೆಸೇಜು ಓದಿ ಹೇಳಿದಾಗ ಅವಳು ನಕ್ಕಿದ್ದಳು. "ಈಗ ಕೇಳ್ತಾನೇನೋ, ಮಾಡಿ ನೋಡಾನಾ ಅಮ್ಮಾಯಿ?" ಆದರೆ ಫೋನ್ ಕರೆಗಳು ಶುರುವಾದ ಮೇಲೆ ನಗು ನಿಂತಿತು. ಅಂಚು ತಿರುಗಿಸುವ ಹೊತ್ತಿಗೆ ರಿಂಗು, ಎಳೆ ಕೂಡಿಸುವ ಹೊತ್ತಿಗೆ ರಿಂಗು. ಎದ್ದು ಬಂದು ಎತ್ತಿದರೆ ಯಾವಳೋ ಹುಡುಗಿ ಸಾಲ ಬೇಕಾ ಎನ್ನುತ್ತಾಳೆ. ಕೊನೆಕೊನೆಗೆ ಅತ್ತೆ ಫೋನ್ ಎತ್ತಿದವಳೇ "ಒದ್ದು, ಮಾಕೇಮಿ ಒದ್ದು" ಎಂದು, ನಮಗೇನೂ ಬೇಡ ಎಂದು, ಆ ಕಡೆಯವರು ಬಾಯಿ ಬಿಡುವ ಮೊದಲೇ ಕತ್ತರಿಸಿಬಿಡುತ್ತಿದ್ದಳು.

ಕೊನೆಯ ವರ್ಷ ಓದುವ ರಜೆಯಲ್ಲಿ ನಾನು ಮನೆಯಲ್ಲಿದ್ದೆ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯನ್ನು ಕಾಲೇಜಿನವರು ಹೇಳಿದ್ದ ದಿನಕ್ಕಿಂತ ಮೊದಲೇ ಇಟ್ಟರು. ಎಲ್ಲರಿಗೂ ಮೆಸೇಜು ಕಳಿಸಿದರು. ನಮ್ಮ ಫೋನಿಗೆ ಅದು ಬರಲಿಲ್ಲ, ಯಾಕೆಂದರೆ ಜಾಹೀರಾತುಗಳಿಂದ ಆ ಪುಟ್ಟ ಫೋನಿನ ಹೊಟ್ಟೆ ತುಂಬಿಹೋಗಿ ಹೊಸ ಮೆಸೇಜಿಗೆ ಜಾಗವೇ ಇರಲಿಲ್ಲ. ನಾನು ಹಳೆಯ ತಾರೀಖಿಗೆ ಬಿಳಿ ಕೋಟು ಮಡಿಚಿಕೊಂಡು ಹೋದರೆ ಲ್ಯಾಬಿಗೆ ಬೀಗ. ಒಂದು ಪ್ರಾಕ್ಟಿಕಲ್ಲು ಹೋದರೆ ಆ ವಿಷಯವೇ ಹೋಯಿತು, ವಿಷಯ ಹೋದರೆ ವರ್ಷ ಹೋಯಿತು. ವರಾಂಡದಲ್ಲಿ ಸಿಕ್ಕ ಗೆಳತಿ ಹೇಳಿದಳು, "ನಾನು ಫೋನ್ ಮಾಡಿದ್ನಲ್ಲೇ. ಯಾರೋ ಒದ್ದು ಒದ್ದು ಅಂದು ಕಟ್ ಮಾಡಿದ್ರು."

ಮನೆಗೆ ಬಂದು ಇದನ್ನು ಹೇಳಬಾರದಿತ್ತೇನೋ. ಹೇಳಿದೆ. ಅತ್ತೆ ಮಗ್ಗ ನಿಲ್ಲಿಸಿದಳು. ಅವ್ವ ಅಳುತ್ತಿದ್ದಳು, ಅಪ್ಪ ಹೊರಗೆ ಹೋದ. ಅತ್ತೆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಹಾಗೇ ಕೂತಿದ್ದಳು. ಅತ್ತೆ ಕೂತಿದ್ದೂ ಮನೆಯಲ್ಲಿ ಸದ್ದಿಲ್ಲದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ಅಂದಳು, "ಕಟ್ ಮಾಡಿದ್ದು ಈ ಕೈ. ಕಡ್ಕೊಂಡು ಬಿಸಾಕಾನ ಅಂದ್ರೆ ಸೀರೆ ಅರ್ಧಕ್ಕೈತೆ. ಆಗ್ಲಿ. ನಮ್ಮ ನಂಬರು ಅವರಿಗೆಲ್ಲ ಕೊಟ್ಟೋನು ಒಬ್ಬ ಇರ್ತಾನಲ್ಲ, ಅವನು ನನಗೆ ಬೇಕು."

ಮುಂದಿನ ಸಲಕ್ಕೆ ಏನು ಮಾಡಬೇಕೆಂದು ಕೇಳಲು ಅದೇ ಆನ್‌ಲೈನ್ ಸೆಂಟರಿಗೆ ಹೋದೆವು. ಮೆಸೇಜು ಬರಲೇ ಇಲ್ಲ, ಫೋನಿನ ತುಂಬ ಜಾಹೀರಾತು ಎಂದು ನಾನು ಹೇಳಿದೆ. ಅವನು ನಕ್ಕ. "ಜಾಹೀರಾತು ಎಲ್ರಿಗೂ ಬರ್ತಾವಮ್ಮ. ನನಗೂ ಬರ್ತಾವೆ. ಒಂದು ಮೆಸೇಜ್ ನೋಡ್ಕಳಾಕ್ ಆಗಲ್ಲ ಅಂದ್ಮೇಲೆ..." ಎಂದು ಅತ್ತೆಯ ಕಡೆ ತಿರುಗಿ ಆ ಮಾತು ಅಂದ. ನಿಮ್ಮ ಮನೆಯಾಗೆ ಡಿಗ್ರಿನಾ. ಆಮೇಲೆ, "ಮನೆಯಾಗೆ ಮಗ್ಗ ಐತಲ್ಲ, ಕೂರ್ಸು. ಕೈಗೊಂದು ಕಸುಬು." ಸರದಿಯಲ್ಲಿ ನಿಂತಿದ್ದ ಯಾರೋ ಕಿಸಕ್ಕೆಂದರು. ಆಗಲೇ ನಾನು ಆ ಹೆಬ್ಬೆರಳು ನೋಡಿದ್ದು.

ವಾಪಸ್ ಬರುವ ಬಸ್ಸಿನಲ್ಲಿ, ತಳಕು ಊರು ದಾಟಿದ ಮೇಲೆ, ಅತ್ತೆ ನನ್ನ ತಾತನ ಕಥೆ ಹೇಳಿದಳು. ತಾತ ನಾಲ್ಕಾರು ಮನೆಗಳಿಗೆ ನೂಲು ಕೊಟ್ಟು ನೇಯಿಸುತ್ತಿದ್ದ ಕಾಲ. ಒಳ್ಳೆಯ ನೂಲು ಹೋಗಿ ಕಳಪೆ ನೂಲು ಸೀರೆಯಾಗಿ ಬರುತ್ತಿತ್ತು. ಯಾರ ಮನೆಯಲ್ಲಿ ಬದಲಾಗುತ್ತಿದೆ ಎಂದು ತಿಳಿಯದು, ಎಲ್ಲರೂ ನೆಂಟರೇ, ಕೇಳುವ ಹಾಗಿಲ್ಲ. ತಾತ ಒಂದೊಂದು ಮನೆಗೆ ಕೊಡುವ ನೂಲಿನ ಲಡಿಯ ಒಳಗೆ ಒಂದೊಂದು ಬಣ್ಣದ ಗುರುತಿನ ಎಳೆ ಕಟ್ಟಿದ. ಕದ್ದ ನೂಲು ಮಾರಾಟಕ್ಕೆ ಬಂದಾಗ ಎಳೆಯೇ ಮನೆಯ ಹೆಸರು ಹೇಳಿತು. "ನಾವೂ ಎಳೆ ಕಟ್ಟಾನ" ಎಂದಳು ಅತ್ತೆ.

ಹೊಸ ಸಿಮ್ಮು ತಂದೆವು. ಆ ನಂಬರನ್ನು ಅತ್ತೆ ನನ್ನಿಂದ ಚೀಟಿಯಲ್ಲಿ ಬರೆಸಿ ಕೊಟ್ಟದ್ದು ಮೂರೇ ಕಡೆ, ಒಂದೊಂದು ಕಡೆ ಒಂದೊಂದು ಹೆಸರಿನಲ್ಲಿ. ಹೆಸರು ಯೋಚಿಸಲು ಅವಳಿಗೆ ಕಷ್ಟವಾಗಲಿಲ್ಲ, ಅಂಗಳದಲ್ಲಿ ಮೂರು ಮೇಕೆಗಳಿದ್ದವು. ರೀಚಾರ್ಜ್ ಅಂಗಡಿಯಲ್ಲಿ ಕರಿಯಮ್ಮ, ಮೆಡಿಕಲ್ ಶಾಪಿನಲ್ಲಿ ರಾಣಿ. ನನ್ನ ಪರೀಕ್ಷೆಯ ಅರ್ಜಿ ಮತ್ತೆ ತುಂಬಿಸಲು ಚಳ್ಳಕೆರೆಗೆ ಹೋದಾಗ ಅರ್ಜಿಯಲ್ಲಿ ನನ್ನ ಹೆಸರೇ ಇತ್ತು. ಆದರೆ ಮಾಲೀಕ ತನ್ನ ಕಂಪ್ಯೂಟರಿಗೆಂದು "ಕಸ್ಟಮರ್ ಹೆಸರು?" ಎಂದಾಗ ಅತ್ತೆ ಮುಂದೆ ಬಂದು, ಸೆರಗು ಹೊದ್ದು, ಗೌರವದಿಂದ ಹೇಳಿದಳು, "ಬರ್ಕಳ್ರಿ ಸಾವ್ಕಾರ್ರೆ. ಚುಕ್ಕಮ್ಮ." ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ, ನಮ್ಮ ಮನೆಯ ಒಣಹಾಕಿದ ಬಟ್ಟೆಗಳನ್ನೆಲ್ಲ ತಿನ್ನುತ್ತಿದ್ದ ಮೇಕೆಯ ಹೆಸರು ಅದು.

ಹೊಸ ಸಿಮ್ಮು ಹಾಕಿದ ಫೋನು ಕೆಲವು ದಿನ ಸದ್ದಿಲ್ಲದೆ ಮಲಗಿತ್ತು. ಒಂದು ಮಧ್ಯಾಹ್ನ ರಿಂಗಾಯಿತು. ನಾನು ಸ್ಪೀಕರ್ ಹಾಕಿ ಮಗ್ಗದ ಪಕ್ಕ ಇಟ್ಟೆ. "ನಮಸ್ಕಾರ, ಚುಕ್ಕಮ್ಮ ಮೇಡಂ ಮಾತಾಡ್ತಿರೋದಾ? ನಿಮಗೆ ಎರಡು ಲಕ್ಷದವರೆಗೆ ಲೋನ್ ಅಪ್ರೂವ್ ಆಗಿದೆ ಮೇಡಂ."

ಅತ್ತೆ ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನನ್ನು ನೋಡಿದಳು. ಅಂಥ ಸಂತೋಷವನ್ನು ನಾನು ಆ ಮುಖದಲ್ಲಿ ಮದುವೆಮನೆಗಳಲ್ಲೂ ಕಂಡಿಲ್ಲ. "ಚುಕ್ಕಮ್ಮ ಹೊರಗೆ ಸೊಪ್ಪು ತಿಂತಾ ಅವಳೆ ಕಣವ್ವ" ಎಂದಳು. "ನನಗೆ ಹೇಳು. ಊಟ ಆತಾ ನಿಂದು?"

ಹೋಗಿ ಜಗಳ ಆಡೋಣ, ದೂರು ಕೊಡೋಣ ಎಂದು ನಾನು ಕುಣಿದೆ. ಅತ್ತೆ ಒಪ್ಪಲಿಲ್ಲ. "ಜಗಳ ಒಂದು ದಿನದ್ದು ಅಮ್ಮಾಯಿ. ಅವನಿಗೆ ದಿನಾ ಆಗ್ಬೇಕು. ನಮಗೆ ಹೆಂಗೆ ದಿನಾ ಆತೋ ಹಂಗೆ." ಅವನ ನಂಬರು ಹುಡುಕುವ ಕಷ್ಟವೇ ಇರಲಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಎಷ್ಟು ಗೋಡೆಗಳಿವೆಯೋ ಅಷ್ಟರ ಮೇಲೂ ಬರೆಸಿದ್ದ. ಕೊಂಡ್ಲಹಳ್ಳಿಯ ಕಡೆ ಒಂದು ಪಂಪ್‌ಸೆಟ್ ಮನೆಯ ಗೋಡೆಯನ್ನೂ ಬಿಟ್ಟಿರಲಿಲ್ಲ. ಜ್ಯೋತಿಷಿಯನ್ನು ಕೇಳಿ ತೆಗೆದುಕೊಂಡಿದ್ದ ಅದೃಷ್ಟದ ನಂಬರಂತೆ, ಒಂದೇ ಅಂಕಿ ಮತ್ತೆ ಮತ್ತೆ ಬರುವಂಥದ್ದು. ನಾನು ಬಸ್ಸಿನ ಕಿಟಕಿಯಿಂದ ಓದಿಕೊಂಡು ಬಂದು ಹೇಳಿದೆ. ಅತ್ತೆ ಮಗ್ಗದ ಲಯಕ್ಕೆ ಅದನ್ನು ಕೂಡಿಸಿಕೊಂಡು, ಲಾಳಿ ಒಂದು ಸಲ ಆ ಕಡೆ ಹೋದರೆ ಒಂದು ಅಂಕಿ, ಈ ಕಡೆ ಬಂದರೆ ಇನ್ನೊಂದು, ಸಂಜೆಯೊಳಗೆ ಬಾಯಿಪಾಠ ಮಾಡಿದಳು. ತನ್ನ ಸ್ವಂತ ನಂಬರು ಅವಳಿಗೆ ಕೊನೆಯವರೆಗೂ ಬರಲಿಲ್ಲ.

ಅಂದಿನಿಂದ ಅತ್ತೆಯ ಖಾಲಿ ಬಾಯಿಗೆ ಕೆಲಸ ಸಿಕ್ಕಿತು. ಮೊದಲೆಲ್ಲ ಫೋನ್ ಬಂದರೆ ಮುಖ ಸಿಂಡರಿಸುತ್ತಿದ್ದವಳು ಈಗ ಬರದಿದ್ದರೆ "ಏನಿವತ್ತು, ಹಬ್ಬನಾ ಅವರಿಗೆ?" ಎಂದು ಕೇಳುವಳು. ಕರೆ ಮಾಡಿದ ಹುಡುಗಿಯರನ್ನು ಅವಳು ಒಂದು ದಿನವೂ ಬೈಯಲಿಲ್ಲ. "ಅವರದು ಹೊಟ್ಟೆಪಾಡು. ನೂಲು ಕದ್ದೋನು ಬ್ಯಾರೆ." ಊರು ಯಾವುದು, ಮದುವೆ ಆಗಿದೆಯಾ ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ ಹೇಳುವಳು, "ನನಗೆ ಬ್ಯಾಡವ್ವ. ಬೇಕಾದೋರು ಒಬ್ರವ್ರೆ, ದೊಡ್ಡ ಕುಳ. ಅವರ ನಂಬರ್ ಬರ್ಕಾ." ಸಾಲದವರಿಗೆ, ಅವರು ಅಂಗಡಿ ದೊಡ್ಡದು ಮಾಡ್ತಾವ್ರೆ ಎನ್ನುವಳು. ಸೈಟಿನವರಿಗೆ, ಸೈಟಿಗೇ ಹುಡುಕ್ತಾವ್ರೆ. ಎಣ್ಣೆಯವರಿಗೆ, ತಲೆ ಮುಂದ್ಗಡೆ ಪೂರಾ ಹೋಗೈತೆ ಪಾಪ. ವಶೀಕರಣದವನಿಗಂತೂ ಅವರ ಮನೆಯ ಕಷ್ಟವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದಳು. ಎಲ್ಲರಿಗೂ ಕೊನೆಯ ಮಾತು ಒಂದೇ. "ಮೊದ್ಲು ಬ್ಯಾಡ ಅಂತಾರೆ. ಸಂಕೋಚ ಜಾಸ್ತಿ. ನೀನು ಬಿಡಬ್ಯಾಡ, ದಿನಾ ಮಾಡು."

ಬೀದಿಯ ಮಗ್ಗದ ಮನೆಗಳಿಗೆಲ್ಲ ಈ ವಿದ್ಯೆ ಹಬ್ಬಿತು. ಮಧ್ಯಾಹ್ನ ಜಗಲಿಯಲ್ಲಿ ಕೂತು ನೂಲು ಸುತ್ತುವ ಹೆಂಗಸರು ಆ ನಂಬರನ್ನು ಹಾಡಿನಂತೆ ಒಪ್ಪಿಸುತ್ತಿದ್ದರು. ನಾನೂ ಕೈಕಟ್ಟಿ ಕೂರಲಿಲ್ಲ. ಪಕ್ಕದ ಮನೆಯಲ್ಲಿ ದೊಡ್ಡ ಫೋನಿತ್ತು. ಅದರಲ್ಲಿ ಏನೇ ನೋಡುತ್ತಿದ್ದರೂ ನಡುವೆ ಜಾಹೀರಾತು ಬಂದು, ನಿಮ್ಮ ನಂಬರ್ ಹಾಕಿ, ನಾವೇ ಕರೆ ಮಾಡುತ್ತೇವೆ ಎನ್ನುತ್ತದಲ್ಲ, ಹಾಕಿದೆ. ಹಳೆಯ ಕಾರು ಮಾರಲು ಹಾಕಿದೆ. ವಿದೇಶದಲ್ಲಿ ಓದಲು ಹಾಕಿದೆ. ತಲೆಗೆ ಕೂದಲು ನೆಡಿಸಲು, ಮಂಡಿ ಬದಲಾಯಿಸಲು, ಮನೆಯ ಮೇಲೆ ಸೋಲಾರ್ ಕೂರಿಸಲು ಹಾಕಿದೆ. ಈಗ ನಾನು ಮಕ್ಕಳಿಗೆ ಪಾಠ ಹೇಳುವವಳು, ಹೀಗೆಲ್ಲ ಬರೆಯಬಹುದೇ ಎಂದು ಯಾರಾದರೂ ಕೇಳಬಹುದು. ಬರೆಯುತ್ತೇನೆ. ನನ್ನ ಒಂದು ವರ್ಷವನ್ನು ಅವನು ಮಾರಿಕೊಂಡ. ಹಾಗೆ ಮಾಡಿದ್ದಕ್ಕೆ ನನಗೆ ಆಗಲೂ ಬೇಜಾರಿರಲಿಲ್ಲ, ಈಗಲೂ ಇಲ್ಲ.

ಹಾಲ್‌ಟಿಕೆಟ್ ತೆಗೆಸಲು ಹೋದಾಗ ಫಲ ಕಣ್ಣಾರೆ ಕಂಡೆ. ಕೌಂಟರಿನ ಮೇಲೆ ಅವನ ಫೋನು ಸುಮ್ಮನಿರುತ್ತಲೇ ಇರಲಿಲ್ಲ. ಬಿಳಿ ಅಂಗಿಯ ನಯವಾದ ಮಾತಿನ ಮನುಷ್ಯ ಫೋನಿಗೆ ಬಾಯಿ ಹಚ್ಚಿ, "ನನ್ನ ತಲೆಯಾಗೆ ಕೂದಲು ಐತೆ ಕಣ್ರೀ! ಎಷ್ಟ್ ಸಲ ಹೇಳ್ಬೇಕು, ಐತೆ!" ಎಂದು ಕೂಗುತ್ತಿದ್ದ. ಸರದಿಯಲ್ಲಿದ್ದವರೆಲ್ಲ ಅವನ ತಲೆಯನ್ನೇ ನೋಡುತ್ತಿದ್ದರು. ಈ ಸಲ ಕಿಸಕ್ಕೆಂದವಳು ನಾನು. ನಂಬರು ಬದಲಾಯಿಸೋಣವೆಂದರೆ ಅಷ್ಟೂ ಗೋಡೆಗಳನ್ನು ಬದಲಾಯಿಸಬೇಕು, ಜ್ಯೋತಿಷಿಯನ್ನೂ ಕೇಳಬೇಕು. ಬೀಗರಾಗಬೇಕಿದ್ದವರು ಮಾಡಿದ ಫೋನಿಗೂ ಯಾರೆಂದು ಕೇಳದೆ ಬೈದನಂತೆ ಎಂಬ ಸುದ್ದಿ ಟೀ ಅಂಗಡಿಯಲ್ಲಿ ಓಡಾಡಿತು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅತ್ತೆ ಪೂರ್ತಿ ನಂಬಿದಳು, ನಕ್ಕು ನಕ್ಕು ಮಗ್ಗದ ಅಂಚು ಹಿಡಿದುಕೊಂಡಳು.

"ಸಾಕಾತಾ ಅತ್ತಾ?" ಎಂದೆ.

ನಗು ಒರೆಸಿಕೊಂಡಳು. "ಇದು ಬರೀ ಅಂಚು. ಸೀರೆ ಇನ್ನೂ ಐತೆ. ನೀನು ಪಾಸಾಗ್ಬೇಕು. ಆಗ್ಲಿಲ್ಲ ಅಂದ್ರೆ ಅವನ ಮಾತೇ ನಿಜ ಆಗ್ತೈತೆ. ಹೋಗು, ಓದು."

ಓದಿದೆ. ಅವಳ ಮಗ್ಗದ ಸದ್ದಿನಲ್ಲೇ ಕೂತು ಓದಿದೆ. ಪ್ರಾಕ್ಟಿಕಲ್ ದಿನ ಅತ್ತೆ ನನ್ನ ಜೊತೆ ಚಳ್ಳಕೆರೆಗೆ ಬಂದು, ನಾನು ಲ್ಯಾಬಿನಿಂದ ಹೊರಬರುವವರೆಗೆ ಬಾಗಿಲ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಯಾಕೆ ಬಂದೆ ಎಂದರೆ, "ದಿನ ಗಿನ ಬದಲಾಯಿಸಿದ್ರೆ ಕೇಳಾಕೆ ಒಬ್ರು ಬೇಕಲ್ಲ" ಎಂದಳು. ಪಾಸಾದೆ, ಫಸ್ಟ್ ಕ್ಲಾಸು.

ಅತ್ತೆ ಹೋಗಿ ಈಗ ಒಂದು ವರ್ಷ ದಾಟಿದೆ. ಮಗ್ಗದಿಂದ ಎದ್ದವಳು ನೀರು ಕೇಳಿದಳು, ಅವ್ವ ತರುವಷ್ಟರಲ್ಲಿ ಮುಗಿದಿತ್ತು. ತಿಥಿಯ ದಿನ ಮನೆ ತುಂಬ ಜನ ಇದ್ದಾಗ ಅವಳ ಫೋನು ರಿಂಗಾಯಿತು. ನಾನು ಎತ್ತಿದೆ. "ಚುಕ್ಕಮ್ಮ ಮೇಡಂ ಇದಾರಾ? ಅವರಿಗೊಂದು ಇನ್ಶೂರೆನ್ಸ್ ಪಾಲಿಸಿ..." ಅತ್ತೆ ಹೇಳುತ್ತಿದ್ದ ಹಾಗೇ ಹೇಳಿದೆ. "ಮೇಡಂ ಇಲ್ಲ. ಬೇಕಾದೋರು ಒಬ್ರವ್ರೆ, ಬರ್ಕಳ್ರಿ." ಆ ಸಿಮ್ಮನ್ನು ನಾನು ಬಿಟ್ಟಿಲ್ಲ, ಇವತ್ತಿಗೂ ರೀಚಾರ್ಜ್ ಮಾಡಿಸುತ್ತೇನೆ. ಅವಳ ಋಣ ತೀರಿಸಲು ನನಗೆ ಗೊತ್ತಿರುವ ದಾರಿ ಸದ್ಯಕ್ಕೆ ಅದೊಂದೇ.

ಇಷ್ಟು ಹೇಳಿ, ಅವಳು ಇನ್ನೂ ಇದ್ದ ಒಂದು ದಿನಕ್ಕೆ ಹಿಂದಿರುಗಬೇಕು. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ವಾರ. ಜೆರಾಕ್ಸು ಮಾಡಿಸಬೇಕಿತ್ತು. ಮೊಳಕಾಲ್ಮೂರಿನಲ್ಲೇ ಬೀದಿಗೊಂದು ಜೆರಾಕ್ಸ್ ಅಂಗಡಿ ಇದೆ. "ಅಲ್ಲಿ ಚೆನ್ನಾಗಿ ಬರಲ್ಲ" ಎಂದಳು ಅತ್ತೆ, ಜೆರಾಕ್ಸಿನ ವಿಷಯ ಬಲ್ಲವಳಂತೆ. ಒಂದು ಎಳೆ ತಪ್ಪಿದೆ ಎಂದು ವ್ಯಾಪಾರಿ ವಾಪಸ್ ಕೊಟ್ಟಿದ್ದ ರೇಷ್ಮೆ ಸೀರೆ ಉಟ್ಟಳು. ಚಳ್ಳಕೆರೆಯ ಬಸ್ಸು ಹತ್ತಿದೆವು.

"ಬರ್ರಿ ಚುಕ್ಕಮ್ಮ" ಎಂದ ಮಾಲೀಕ. ಹೆಸರು ನೆನಪಿಟ್ಟಿದ್ದ. ಅಂಗಡಿಯಲ್ಲಿ ಎಂಟು ಹತ್ತು ಜನ ಇದ್ದರು. ಅತ್ತೆ ಸರ್ಟಿಫಿಕೇಟನ್ನು ಕೌಂಟರಿನ ಮೇಲಿಟ್ಟು, "ಜೆರಾಕ್ಸ್ ಆಮೇಲೆ ಮಾಡೀರಂತೆ ಸಾವ್ಕಾರ್ರೆ. ಮೊದ್ಲು ಓದ್ರಿ. ನನಗೆ ಓದಾಕ್ ಬರಲ್ಲ" ಎಂದಳು.

"ಈ ಹುಡುಗಿ ಓದ್ತಾಳಲ್ಲ."

"ಅವಳು ನಮ್ಮನೆಯೋಳು, ಜಾಸ್ತಿ ಹೇಳ್ತಾಳೆ. ನೀವು ಓದ್ರಿ. ಜೋರಾಗಿ."

ಅವನು ಓದಿದ. ನನ್ನ ಹೆಸರು, ಅಪ್ಪನ ಹೆಸರು, ಬ್ಯಾಚುಲರ್ ಆಫ್ ಸೈನ್ಸ್, ಫಸ್ಟ್ ಕ್ಲಾಸ್. ಕೊನೆಗೆ ಬಂದಾಗ ದನಿ ತಗ್ಗಿತು. "ಕ್ಲಾಸು ಯಾವ್ದಂದ್ರಿ? ಕಿವಿ ಮಂದ" ಎಂದಳು ಅತ್ತೆ. ಬೀದಿಯ ಆ ತುದಿಯ ಪಿಸುಮಾತು ಕೇಳಿಸುವ ಕಿವಿ ಅವಳದು. "ಫಸ್ಟ್ ಕ್ಲಾಸ್" ಎಂದು ಅವನು ಮತ್ತೆ ಹೇಳಬೇಕಾಯಿತು. ಸರದಿಯಲ್ಲಿದ್ದ ಒಬ್ಬ ಹಿರಿಯರು ಭೇಷ್ ಎಂದರು. ಮಾಲೀಕ ಜೆರಾಕ್ಸ್ ತೆಗೆದ. ಕಂಪ್ಯೂಟರಿನ ಮುಂದೆ ಕೂತು, ರೂಢಿಯಂತೆ, ತಲೆ ಎತ್ತದೆ ಕೇಳಿದ, "ನಂಬರ್ ಅದೇ ಏನು, ಬದಲಾಗೈತಾ? ಹೇಳ್ರಿ."

ಅತ್ತೆ ಹೇಳಿದಳು. ಮಗ್ಗದ ಲಯದಲ್ಲಿ, ಒಂದೊಂದೇ ಅಂಕಿ. ಅವನ ಬೆರಳು ಒತ್ತುತ್ತಾ ಹೋಯಿತು, ನಿಧಾನವಾಯಿತು, ಕೊನೆಯ ಅಂಕಿಗೆ ಮೊದಲೇ ನಿಂತಿತು.

"ಇದು... ಇದು ನನ್ನ ನಂಬರು."

"ಹೂನಪ್ಪ" ಎಂದಳು ಅತ್ತೆ. "ನನಗೆ ಬಾಯಿಗೆ ಬರೋದು ಅದೊಂದೇ ನಂಬರು. ಕೇಳ್ದೋರಿಗೆಲ್ಲ ಅದನ್ನೇ ಕೊಡ್ತೀನಿ."

ಅವನು ಅವಳ ಮುಖ ನೋಡಿದ. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಕೆಳಗೆ ನೋಡಿದರೆ, ಅತ್ತೆಯ ಹೆಬ್ಬೆರಳು ಟೈಲ್ಸಿನ ಮೇಲೆ ಅಲುಗದೆ ಮಲಗಿತ್ತು. ಅವನು ಎದ್ದು, ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಕೌಂಟರಿನಾಚೆ ಚಾಚಿದ. ಅತ್ತೆ ಅದನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ಆಮೇಲೆ ಅವನ ಕಡೆ ತಿರುಗಿದಳು.

"ಸರಿಯಾಗಿ ಓದ್ಕಂಡೆ ತಾನೇ? ಈ ಸಲ ಮೇಕೆ ಹೆಸರಲ್ಲ, ನಮ್ಮ ಹುಡುಗಿ ಹೆಸರು."